ಎಷ್ಟು ಎಲೆ?

ಸರಕಾರಿ ಕಚೇರಿಯಲ್ಲಿ ಒಂದು ಡಜನ್ ಪೆನ್ಸಿಲು ತರಿಸಬೇಕಾದರೂ ಅದಕ್ಕೊಂದು ನಿಯಮವಿದೆ. ಟಿಪ್ಪಣಿ ಬರೆಯುವುದು ಹೇಗೆ, ಕರಡು ತಯಾರಿಸುವುದು ಹೇಗೆ, ಫೈಲಿಗೆ ಪುಟಸಂಖ್ಯೆ ಹಾಕುವುದು ಹೇಗೆ ಎಂಬುದಕ್ಕೆಲ್ಲ ತರಬೇತಿಯೂ ಉಂಟು. ಆದರೆ ಅದೇ ಕಚೇರಿಯ 80 ಮಂದಿಯನ್ನು ಒಂದೆಡೆ ಕೂಡಿಸಿ, ಹೊತ್ತಿಗೆ ಸರಿಯಾಗಿ ಸಭೆ ಆರಂಭಿಸಿ, ಯಾರ ಮನಸ್ಸೂ ನೋಯದಂತೆ ಮುಗಿಸುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ಅದು ತಾನಾಗಿಯೇ ಬರತಕ್ಕ ವಿದ್ಯೆಯೆಂದು ಮೇಲಿನವರು ತಿಳಿದಂತಿದೆ.

ನನ್ನ ಪಾಲಿಗೆ ಈ ಕೆಲಸ ಬಂದ ಬಗೆಯನ್ನು ಹೇಳಿದರೆ ನೀವು ನಕ್ಕೀರಿ. ನಾನು ಓದಿದ್ದು ಬಿ.ಎಸ್‌ಸಿ., ಅದೂ ರಸಾಯನಶಾಸ್ತ್ರ. ಬ್ಯುರೆಟ್ಟಿನಿಂದ ತೊಟ್ಟು ತೊಟ್ಟಾಗಿ ಆಮ್ಲ ಬಿಡಲು ಕಲಿತವನಿಗೂ ಬಟಾಟೆ ವಡೆಯ ಲೆಕ್ಕಕ್ಕೂ ಏನು ಸಂಬಂಧ? ಆದರೆ ಹತ್ತು ವರ್ಷಗಳ ಹಿಂದೆ ಯಾರೋ ಒಬ್ಬರು, "ಇವರು ಕನ್ನಡ ಸಂಘದವರು, ಸಭೆ-ಸಮಾರಂಭ ಇವರಿಗೆ ಗೊತ್ತು" ಎಂದುಬಿಟ್ಟರು. ಅಂದಿನಿಂದ ನಮ್ಮ ಕಚೇರಿಯಲ್ಲಿ ಶಾಲು, ತೆಂಗಿನಕಾಯಿ, ಮೈಕು ಎಂದರೆ ನನ್ನ ಕಡೆಗೇ ಬೆರಳು.

ಇವುಗಳಲ್ಲಿ ಸುಲಭವಾದವೂ ಇವೆ. ಜೂನ್ 21ರ ಯೋಗ ದಿನ, ಸೆಪ್ಟೆಂಬರ್ 14ರ ಹಿಂದಿ ದಿವಸ, ಅಕ್ಟೋಬರ್ 31ರ ಏಕತಾ ದಿನ, ನವೆಂಬರ್ 26ರ ಸಂವಿಧಾನ ದಿನ. ಇವಕ್ಕೆಲ್ಲ ಸುತ್ತೋಲೆ ಬರುತ್ತದೆ, ಪ್ರತಿಜ್ಞೆಯ ಪಾಠವೂ ಬರುತ್ತದೆ. ಬ್ಯಾನರು ಕಟ್ಟಿ, ಫೋಟೋ ತೆಗೆದು ಮೇಲಕ್ಕೆ ಕಳಿಸಿದರೆ ಕೆಲಸ ಮುಗಿಯಿತು. ಸುತ್ತೋಲೆ ಬಾರದಿರುವುದು ಬೀಳ್ಕೊಡುಗೆಗೆ. ಯೋಗ ದಿನ ಈ ವರ್ಷ ಕೆಟ್ಟರೆ ಮುಂದಿನ ವರ್ಷವಿದೆ. ನಿವೃತ್ತಿ ಮನುಷ್ಯನಿಗೆ ಒಂದೇ ಸಲ.

ಕೇಂದ್ರ ಸರಕಾರದ ನೌಕರನು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತನಾಗುತ್ತಾನೆ. 1998ರ ತನಕ ಅದು 58 ಆಗಿತ್ತು. ಒಂದನೆಯ ತಾರೀಕಿಗೆ ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೇ ಹೊರಡಬೇಕು. ಇನ್ನು ನಮ್ಮ ಹಳ್ಳಿಗಳ ಶಾಲಾ ಮಾಸ್ತರರ ಕಥೆ ನಿಮಗೆ ತಿಳಿದದ್ದೇ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಅವರು ಜೂನ್ 1 ಎಂದು ಬರೆದುಬಿಟ್ಟರು. ಅಂಕೋಲೆಯಲ್ಲೂ ಹಾಗೆ, ರತ್ನಾಗಿರಿಯಲ್ಲೂ ಹಾಗೆ. ಆ ಲೇಖನಿಯ ಫಲವಾಗಿ ಮೇ 31 ಬಂತೆಂದರೆ ಕಚೇರಿ ಕಚೇರಿಗಳಲ್ಲಿ ಒಂದೇ ದಿನ ಎರಡು-ಮೂರು ಬೀಳ್ಕೊಡುಗೆಗಳು.

2025ರಲ್ಲಿ ನಮ್ಮಲ್ಲಿ ಹೀಗೆ ಮೂವರು ಹೊರಡುವವರಿದ್ದರು: ಒಬ್ಬ ಅಧಿಕಾರಿ, ಒಬ್ಬ ಮಹಿಳಾ ಸೂಪರಿಂಟೆಂಡೆಂಟ್, ಇನ್ನೊಬ್ಬರು ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಪಟ್ಟೇವಾಲಾ. ಮೇ 31 ಶನಿವಾರವಾಗಿತ್ತು. 1985ರಿಂದ ನಮಗೆ ವಾರಕ್ಕೆ ಐದೇ ದಿನದ ಕೆಲಸವಾದ್ದರಿಂದ ಸಮಾರಂಭ 30ರ ಶುಕ್ರವಾರವೇ ಆಗಬೇಕು. ಹಿಂದಿನ ರೂಢಿಯಂತೆ ಸಾಹೇಬರಿಗೆ ದೊಡ್ಡ ಹಾಲಿನಲ್ಲಿ ಸಭೆ, ಮೇಡಂ ಅವರಿಗೆ ಸೆಕ್ಷನ್ನಿನಲ್ಲಿ ಕೇಕು, ಕಾಕಾನಿಗೆ ಮೇಜಿನ ಸುತ್ತ ನಿಂತು ಚಹಾ. ವಂತಿಗೆಯೂ ಹಾಗೆಯೇ, ಸಾಹೇಬರ ಪಟ್ಟಿ ಒಂದು ದಿನದಲ್ಲಿ ತುಂಬಿದರೆ ಪಟ್ಟೇವಾಲಾನ ಪಟ್ಟಿ ವಾರವಾದರೂ ಅರ್ಧ.

ಮೂವರಿಗೂ ಒಂದೇ ಸಭೆ, ಒಂದೇ ಪಟ್ಟಿ, ಒಂದೇ ತರಹದ ಶಾಲು ಎಂದು ನಾನು ಬರೆದುಕೊಂಡು ಹೋದಾಗ ಸಹೋದ್ಯೋಗಿಯೊಬ್ಬರು, "ಸಾಹೇಬರಿಗೆ ಏನೆನಿಸುತ್ತದೋ, ನೋಡಿಕೊಳ್ಳಿ" ಎಂದರು. ಏನೆನಿಸುತ್ತದೆಂದು ಸಾಹೇಬರನ್ನೇ ಕೇಳಿದೆ. ಅವರು ಹಾಳೆ ಓದಿ, "ಒಂದೇ ತರಹದ ಮೂರು ಕುರ್ಚಿ ಸಿಗುತ್ತವೆಯೇ, ನೋಡಿ" ಎಂದಷ್ಟೇ ಅಂದರು. ಹುಡುಕಿದಾಗ ಆ ಮಾತಿನ ತೂಕ ತಿಳಿಯಿತು. ಸಾಹೇಬರ ಕುರ್ಚಿಗೆ ಎತ್ತರದ ಬೆನ್ನು, ಮೇಡಂ ಅವರದಕ್ಕೆ ಕೈಗಳಿಲ್ಲ, ಕಾಕಾ ಕೂರುತ್ತಿದ್ದುದು ಸ್ಟೂಲಿನ ಮೇಲೆ. ಕೊನೆಗೆ ಕ್ಯಾಂಟೀನಿನಿಂದ ಮೂರು ಪ್ಲಾಸ್ಟಿಕ್ ಕುರ್ಚಿ ತರಿಸಿದೆವು.

ಉಡುಗೊರೆಯ ಬಗ್ಗೆ ಮೊದಲೇ ಕೇಳುವುದು ಮರ್ಯಾದೆಯಲ್ಲವೆಂದು ಕೆಲವರ ಅಭಿಪ್ರಾಯ. ಕೇಳಿದ್ದೇ ಒಳ್ಳೆಯದಾಯಿತು. ಮೇಡಂ ಕೈಮುಗಿದು, "ಗೋಡೆ ಗಡಿಯಾರವೊಂದು ಬೇಡ, ಮನೆಯಲ್ಲಿ ಗೋಡೆಗಳು ಮುಗಿದಿವೆ" ಎಂದರು. ಕಾಕಾನಿಗೆ ಊರಿಗೆ ಹೋಗಲು ಗಾಲಿಯಿರುವ ಸೂಟ್‌ಕೇಸು ಬೇಕಿತ್ತು.

ಇನ್ನು ತಿಂಡಿಯ ಲೆಕ್ಕ. ನಮ್ಮೂರಿನ ಮದುವೆಗಳಲ್ಲಿ ಅಡಿಗೆಯ ಭಟ್ಟರು ಬಂದು ಕೂತೊಡನೆ ಕೇಳುವ ಮೊದಲ ಪ್ರಶ್ನೆ, "ಎಷ್ಟು ಎಲೆ?" ಸಾರಿಗೆ ಬೇಳೆ ಎಷ್ಟೆಂಬುದು ಆಮೇಲಿನ ಮಾತು. ಎಲೆಯೆಂದರೆ ಅದರ ಮುಂದೆ ಕೂರುವ ಒಬ್ಬ ಮನುಷ್ಯ. ಯಾರು ಬರುತ್ತಾರೆ, ಯಾರನ್ನು ಮನೆಗೆ ಹೋಗಿ ಕರೆದಿದ್ದೀರಿ, ಯಾರಿಗೆ ಸುದ್ದಿ ಮಾತ್ರ ಮುಟ್ಟಿದೆ, ಇಷ್ಟೂ ಆ ಒಂದು ಪ್ರಶ್ನೆಯೊಳಗಿರುತ್ತದೆ. ನಾನೂ ಎಲೆ ಎಣಿಸತೊಡಗಿದೆ. ಸಾಹೇಬರ ಮನೆಯಿಂದ ನಾಲ್ಕು, ಮೇಡಂ ಮನೆಯಿಂದ ಆರು. ಗೇಟಿನಲ್ಲಿ ಪಾಸು ಮಾಡಿಸಲು ಹೆಸರುಗಳನ್ನು ಮುಂಚೆಯೇ ಕೊಡಬೇಕು.

"ಕಾಕಾ, ನಿಮ್ಮ ಮನೆಯಿಂದ ಯಾರ್ಯಾರು?"

"ಯಾರೂ ಇಲ್ಲ ಸಾಹೇಬ. ಒಂದು ಗಂಟೆಯ ಕೆಲಸಕ್ಕೆ ಅವರಿಗೇಕೆ ತೊಂದರೆ?"

ಈ ಮಾತನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ನೀವು ಕರೆದಿದ್ದೀರೋ, ನೋಟೀಸು ಹಚ್ಚಿದ್ದೀರೋ?" ಎಂದಳು. 25ರ ಭಾನುವಾರ ಬೊರಿವಲಿಯಿಂದ ವಿರಾರ್ ಗಾಡಿ ಹಿಡಿದು ಇಬ್ಬರೂ ನಾಲಾಸೋಪಾರಾಕ್ಕೆ ಹೋದೆವು. ಕಾಕಿ ಎರಡು ಮನೆಗಳಲ್ಲಿ ಅಡಿಗೆ ಮಾಡುವವರು. ನನ್ನ ಹೆಂಡತಿ ಕುಂಕುಮ ಕೊಟ್ಟು ಕರೆದಾಗ ಅವರು, "ಅಷ್ಟು ದೊಡ್ಡವರ ನಡುವೆ ನಾನು ಎಲ್ಲಿ ಕೂರಲಿ?" ಎಂದು ಕೇಳಿದರು. ಯೋಜನೆ ಮಾಡುವವನಿಗೆ ಇದಕ್ಕಿಂತ ನೇರವಾದ ಪ್ರಶ್ನೆ ಇಲ್ಲ. ಮೊದಲ ಸಾಲಿನಲ್ಲಿ, ಮೇಡಂ ಅವರ ಅಕ್ಕನ ಪಕ್ಕದಲ್ಲಿ ಎಂದು ಜಾಗ ಹೇಳಿದ ಮೇಲೆಯೇ ಒಪ್ಪಿದರು. ಕಾಕಾನ ಲೆಕ್ಕಕ್ಕೆ ಮೂರು ಎಲೆ ಬಂದವು.

ಮರುದಿನವೇ, ಮೇ 26ರಂದು, ಮುಂಗಾರು ಮುಂಬಯಿಗೆ ಬಂದುಬಿಟ್ಟಿತು. ವಾಡಿಕೆಯ ದಿನ ಜೂನ್ 11. 16 ದಿನ ಮುಂಚೆಯೇ ಮಳೆ. ತಾರಸಿಯ ಮೇಲೆ ಹಾಕಿಸಬೇಕೆಂದಿದ್ದ ಚಪ್ಪರ ಹೋಯಿತು. ಒಳಗಿನ ಹಾಲಿಗೆ 60 ಜನ ಹಿಡಿಸುತ್ತಾರೆ, ನಮ್ಮ ಎಲೆಗಳು 93. ಮೇಜುಗಳನ್ನು ಹೊರಗಿಟ್ಟು, ತರುಣರು ಗೋಡೆಯುದ್ದಕ್ಕೂ ನಿಲ್ಲುವುದೆಂದು ಗೊತ್ತು ಮಾಡಿದೆವು. ಕುಟುಂಬದವರು ಸಂಜೆಯ ನೂಕುನುಗ್ಗಲಿಗೆ ಮುಂಚೆ ಗಾಡಿ ಹತ್ತಲೆಂದು ನಾಲ್ಕು ಗಂಟೆಯ ಸಭೆಯನ್ನು ಎರಡೂವರೆಗೆ ಎಳೆದೆವು. ದೂರ ಹೋಗಬೇಕಾದವರ ಸನ್ಮಾನ ಮೊದಲು ಎಂಬ ಕ್ರಮದಲ್ಲಿ ಕಾಕಾನ ಹೆಸರೇ ಮೊದಲಿಗೆ ಬಂತು.

ಬೀಳ್ಕೊಡುಗೆಯಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಭಾಷಣ. ಪ್ರಾಮಾಣಿಕರು, ಶ್ರಮಜೀವಿಗಳು, ಮೃದುಭಾಷಿಗಳು ಎಂಬ ಮೂರು ಮಾತುಗಳನ್ನು ಯಾರಿಗೆ ಬೇಕಾದರೂ ಹೊದಿಸಬಹುದು, ಶಾಲಿನ ಹಾಗೆ. ಆದ್ದರಿಂದ ಮಾತಾಡುವವರಿಗೆಲ್ಲ, ತಾವು ಕಣ್ಣಾರೆ ಕಂಡ ಒಂದೇ ಒಂದು ಸಂಗತಿಯನ್ನು ಮೂರು ನಿಮಿಷದಲ್ಲಿ ಹೇಳಬೇಕೆಂದು ಕೇಳಿಕೊಂಡಿದ್ದೆ. ಕಾಕಾನ ಬಗ್ಗೆ ಮಾತಾಡಲು ಮೇಡಂ ತಾವಾಗಿಯೇ ಎದ್ದರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದ ದಿನ ನೆಲಮಹಡಿಗೆ ನೀರು ನುಗ್ಗಿತ್ತು. ಮನೆಗೆ ಹೋಗಲಾಗದೆ ಉಳಿದ ಕೆಲವರಲ್ಲಿ ಇವರಿಬ್ಬರೂ ಇದ್ದರು. ಕೆಳಗಿನ ಕಪಾಟುಗಳಲ್ಲಿದ್ದ ಸೇವಾಪುಸ್ತಕಗಳನ್ನು ಕಾಕಾ ಸೊಂಟದ ಮಟ್ಟದ ನೀರಿನಲ್ಲಿ ತಲೆಯ ಮೇಲೆ ಹೊತ್ತು ಮಹಡಿಗೆ ಸಾಗಿಸಿದರಂತೆ. "ನನ್ನ ಪೆನ್ಷನ್ನಿನ ಲೆಕ್ಕ ಈಗ ಆ ಪುಸ್ತಕದಿಂದಲೇ ಆಯಿತು" ಎಂದು ಮೇಡಂ ಕೂತರು. ಹಾಲಿನಲ್ಲಿದ್ದ ಮುಕ್ಕಾಲು ಪಾಲು ಜನ ಆ ಮೇಲೆ ವರ್ಗವಾಗಿ ಬಂದವರು. ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ಇನ್ನೊಂದು ಗಂಟೆ ಕಳೆದಿದ್ದರೆ ಈ ಸಂಗತಿ ಮೇಡಂ ಅವರೊಂದಿಗೇ ಗೇಟು ದಾಟಿಹೋಗುತ್ತಿತ್ತು.

ಕಾಕಾ, "ಎಲ್ಲರೂ ಸಂಭಾಳಿಸಿಕೊಂಡು ಹೋದಿರಿ" ಎಂದು ಒಂದೇ ವಾಕ್ಯ ಹೇಳಿದರು. ತಿಂಡಿಯ ಹೊತ್ತಿಗೆ ಕಾಕಿ ನನ್ನ ಹೆಂಡತಿಯ ಹತ್ತಿರ, "ಇವರು ಕೂರುತ್ತಿದ್ದ ಜಾಗ ಯಾವುದು?" ಎಂದು ಕೇಳಿದರು. ಕಾರ್ಯಕ್ರಮ ಪತ್ರಿಕೆಯಲ್ಲಿ ಅದಿರಲಿಲ್ಲ. ಕರೆದುಕೊಂಡು ಹೋಗಿ ಕ್ಯಾಬಿನಿನ ಹೊರಗಿನ ಸ್ಟೂಲು ತೋರಿಸಿದೆವು. ಅದರ ಮೇಲೆ ಒಮ್ಮೆ ಕೈಯಾಡಿಸಿ, ಗೋಡೆಯಲ್ಲಿದ್ದ ಕರೆಗಂಟೆಯನ್ನು ನೋಡಿ, ಏನೂ ಹೇಳದೆ ಬಂದರು.

ಈಗ ಮುಂಬಯಿಯಲ್ಲಿ ಸಮಾರಂಭ ನಡೆಸಿಕೊಡುವ ಕಂಪನಿಗಳಿವೆ, ಅದನ್ನು ಕಲಿಸುವ ಕಾಲೇಜುಗಳೂ ಇವೆ. ಕಲಿತವರ ಬಗ್ಗೆ ನನಗೆ ಗೌರವವೇ. ಆದರೆ 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘದಂಥ ಸಂಸ್ಥೆಗಳನ್ನು ಈ ನಗರದಲ್ಲಿ ನಡೆಸಿಕೊಂಡು ಬಂದವರು ಹಗಲು ಬೇರೆಲ್ಲೋ ದುಡಿದು ಸಂಜೆ ಕುರ್ಚಿ ಜೋಡಿಸಿದವರೇ. ಅವರ ಕೈಕೆಳಗೆ ನೀರಿನ ಲೋಟ ಹಂಚಿದ್ದೇ ನನ್ನಂಥವರ ತರಬೇತಿ.

ನಾನೊಂದು 200 ಪುಟದ ನೋಟುಬುಕ್ಕು ಇಟ್ಟಿದ್ದೇನೆ. ಗೇಟಿನ ಪಾಸು, ಕುರ್ಚಿ, ಮೈಕಿನವನ ಫೋನು ಎಲ್ಲ ಅದರಲ್ಲಿದೆ. ಆ ಶುಕ್ರವಾರದ ಪುಟದಲ್ಲಿ, "ಮನೆಯವರಿಗೆ ಕೆಲಸದ ಜಾಗ ತೋರಿಸಲು 15 ನಿಮಿಷ" ಎಂದು ಸೇರಿಸಿದೆ. ನನಗೆ ವರ್ಗವಾದರೆ ಅದು ನನ್ನ ಮೇಜಿನೊಡನೆ ಮುಂದಿನವರಿಗೆ ಹೋಗುತ್ತದೆ.

ಓದುಗರಲ್ಲಿ ಒಂದು ಬಿನ್ನಹ. ಬ್ಯಾಂಕು, ರೈಲ್ವೆ, ಅಂಚೆ, ಕಾರಖಾನೆ, ಎಲ್ಲೇ ಇರಲಿ, ನಿಮ್ಮ ಮನೆಯ ಯಜಮಾನರೋ ಯಜಮಾನತಿಯೋ ನಿವೃತ್ತರಾಗುವ ದಿನ, "ನೀವು ಬರುವುದು ಬೇಡ" ಎಂದು ಅವರು ಅಂದರೂ ಮನೆಮಂದಿಯೆಲ್ಲ ಹೋಗಿ ಬನ್ನಿ. ಆಧಾರ್ ಕಾರ್ಡು ಮರೆಯಬೇಡಿ, ಗೇಟಿನಲ್ಲಿ ಕೇಳುತ್ತಾರೆ.