ಚಂದ್ರಗುತ್ತಿಯ ಒಂಟಿ ತಂತಿ

ಸೊರಬದಿಂದ ಸುಮಾರು 16 ಕಿಲೋಮೀಟರು ಸಾಗಿದ ಪಯಣಿಗನಿಗೆ ಗದ್ದೆಗಳೂ ಅಡಕೆಯ ತೋಟಗಳೂ ಹಿಂದೆ ಸರಿದು, ಒಂಟಿಯಾದ ಬೆಟ್ಟವೊಂದು ಎದುರು ನಿಲ್ಲುತ್ತದೆ. ಚಂದ್ರನ ಹಾದಿಗೇ ಅಡ್ಡವಾಗುವಷ್ಟು ಎತ್ತರವೆಂಬುದರಿಂದ ಇದಕ್ಕೆ ಚಂದ್ರಗುತ್ತಿಯೆಂಬ ಹೆಸರು ಬಂದಿತೆಂದು ಐತಿಹ್ಯ. ಎತ್ತರದಲ್ಲಿ ಇದು ಮಲೆನಾಡಿನ ಹಿರಿಯ ಶಿಖರಗಳೊಡನೆ ಸ್ಪರ್ಧಿಸಲಾರದು. ಆದರೂ ಅಕ್ಕಪಕ್ಕದಲ್ಲಿ ಸರಿಸಮನಾದುದೊಂದೂ ಇಲ್ಲವಾಗಿ, ಹೆಸರು ಒಪ್ಪುತ್ತದೆ.

ಬನವಾಸಿಯ ನೆರೆಯ ಈ ನೆಲದಲ್ಲಿ ಇತಿಹಾಸಕ್ಕೆ ಬರವಿಲ್ಲ. ಕದಂಬರ ಬಳಿಕ, ವಿಜಯನಗರದ ಮೊದಲ ದಿನಗಳಲ್ಲಿ, ಹರಿಹರನ ತಮ್ಮನಾದ ಮಾರಪ್ಪನು ಇಲ್ಲಿಂದ ಆಳಿದನು. 1347ರ ಶಾಸನವೊಂದು ಅದನ್ನು ಹೇಳುತ್ತದೆ. ಮುಂದೆ ಕೆಳದಿಯ ನಾಯಕರು ಬಂದರು. ಬೆಟ್ಟದ ಮೇಲಿನ ಕೋಟೆ ಈಗ ಬಿದ್ದ ಗೋಡೆ, ಬೆಳೆದ ಪೊದೆ. ಅರಸರಾಳಿದ ಎಡೆಗೆ ಹತ್ತುವವರು ಕೆಲವರೇ. ಕೆಳಗಿನ ಗವಿಯ ಮುಂದೆ ಮಾತ್ರ ಜನ ತಪ್ಪಿದ್ದಿಲ್ಲ.

ಆ ಗವಿಯಲ್ಲಿರುವವಳು ರೇಣುಕಾಂಬೆ. ಸುತ್ತಲ ಸೀಮೆಯವರ ಗುತ್ಯಮ್ಮ. ಹೆಬ್ಬಂಡೆಯ ಸಹಜವಾದ ಬಿರುಕೇ ಗರ್ಭಗುಡಿ. ತಂದೆಯ ಮಾತಿನಂತೆ ಕೊಡಲಿಯೆತ್ತಿ ಬೆನ್ನಟ್ಟಿದ ಮಗನಿಗೆ ಅಂಜಿ ಓಡಿಬಂದ ತಾಯಿಯನ್ನು ಕಲ್ಲು ಬಾಯ್ದೆರೆದು ಒಳಗೊಂಡಿತೆಂದು ಇಲ್ಲಿನವರು ಹೇಳುತ್ತಾರೆ. ಅಟ್ಟಿಬಂದ ಪರಶುರಾಮನಿಗೂ ಇಲ್ಲಿ ಗುಡಿಯುಂಟು, ಮಾತಂಗಿಗೂ ಉಂಟು. ಕೊಲ್ಲಬಂದವನನ್ನೂ ಅಂಗಳದಲ್ಲಿರಿಸಿಕೊಂಡ ತಾಯ್ತನವೆಂದು ಯಾರಾದರೂ ಬಣ್ಣಿಸಿದರೆ ತಪ್ಪೆನ್ನಲಾಗದು.

ಜಾತ್ರೆಯ ಕಾಲದಲ್ಲಿ ಬಂದವನ ಕಿವಿಗೆ ಗಂಟೆ, ಜಾಗಟೆಗಳ ನಡುವೆ ಬೇರೊಂದು ದನಿ ಬೀಳುತ್ತದೆ. ಗಡುಸು, ಆದರೆ ಮಿಡುಕುವ ದನಿ. ವಾದ್ಯವೋ ಮನುಷ್ಯನ ಕೊರಳೋ ಎಂದು ಕ್ಷಣಕಾಲ ಶಂಕೆ ಹುಟ್ಟಿಸುತ್ತದೆ. ಅದು ಚೌಡಿಕೆ. ದವಸ ಅಳೆಯುವ ಕೊಳಗದಂತಹ ಮರದ ಪೊಳ್ಳು. ಅದರ ತಳಕ್ಕೆ ತೊಗಲಿನ ಹೊದಿಕೆ. ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿ ಪೊಳ್ಳನ್ನು ಹಾದು, ಪಕ್ಕದಲ್ಲಿ ನಿಲ್ಲಿಸಿದ ಕೋಲಿನ ತುದಿಯನ್ನು ಸೇರುತ್ತದೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು, ಸಣ್ಣ ಕಡ್ಡಿಯಿಂದ ತಂತಿಯನ್ನು ಮೀಟಿದರೆ ತೊಗಲೂ ಕೂಡ ಗುಡುಗುಟ್ಟುತ್ತದೆ. ತಂತಿಯ ಬಿಗಿ ಏರಿಳಿದಂತೆ ಸ್ವರವೂ ಏರಿಳಿಯುತ್ತದೆ. ಮೀಟುವುದೂ ಬಡಿಯುವುದೂ ಒಂದೇ ಕೈಯಲ್ಲಿ ನಡೆಯುವ ಇಂತಹ ವಾದ್ಯಕ್ಕೆ ಕಚೇರಿಯ ವೇದಿಕೆಯಲ್ಲಿ ಮಣೆ ದೊರೆಯದೆ ಹೋದುದು ವೇದಿಕೆಯ ದೋಷ.

ವಾದ್ಯದ ಹುಟ್ಟಿನ ಕಥೆ ಇನ್ನೂ ವಿಚಿತ್ರವಾದುದು. ಜಮದಗ್ನಿಯ ವೈರಿಯಾದ ಕಾರ್ತವೀರ್ಯನನ್ನು ಪರಶುರಾಮನು ಕೊಂದು, ಅವನ ದೇಹದಿಂದಲೇ ಈ ವಾದ್ಯವನ್ನು ಮಾಡಿ, ತಾಯಿಯ ಮುಂದೆ ನುಡಿಸಿ ಅವಳನ್ನು ಸಂತೈಸಿದನಂತೆ. ತಲೆಯೇ ಕೊಳಗವಾಯಿತೆಂದೂ ನರವೇ ತಂತಿಯಾಯಿತೆಂದೂ ಹಾಡುವವರು ಹೇಳುವುದುಂಟು. ಹಾಡಿನಿಂದ ಹಾಡಿಗೆ ವಿವರ ಬದಲಾಗುತ್ತದೆ. ಕಥೆ ಭೀಕರ. ಆದರೆ ಹಾಳಾದುದನ್ನು ಎಸೆಯದೆ, ಹಾಳಾದುದರಿಂದಲೇ ನಾದವೆಬ್ಬಿಸುವ ಯೋಚನೆ ಮನುಷ್ಯನಿಗೆ ಎಷ್ಟು ಹಿಂದೆಯೇ ಹೊಳೆದಿತ್ತು!

ಇದೇ ಯೋಚನೆ ದೂರದ ಚೆಕ್ ನಾಡಿನ ಕಲಾವಿದ ಮಿಲಾನ್ ಕ್ನೀಜಾಕನನ್ನೂ ಹಿಡಿದುದು 1960ರ ದಶಕದಲ್ಲಿ. ಮೊದಲು ಅವನು ಗ್ರಾಮಫೋನ್ ತಟ್ಟೆಗಳನ್ನು ಸಲ್ಲದ ವೇಗದಲ್ಲಿ ತಿರುಗಿಸಿ ಕೇಳಿದನು. ಬಳಿಕ ಗೀಚಿದನು, ತೂತು ಕೊರೆದನು, ಸುಟ್ಟನು, ಮುರಿದನು; ಬೇರೆ ಬೇರೆ ತಟ್ಟೆಗಳ ಚೂರುಗಳನ್ನು ಒಂದಕ್ಕೊಂದು ಅಂಟಿಸಿ ಅದನ್ನೂ ನುಡಿಸಿದನು. ಮುಳ್ಳು ಮುರಿಯಿತು, ಯಂತ್ರವೂ ಕೆಟ್ಟಿತು. ಸಂಗೀತ ಮಾತ್ರ ಹೊಸದಾಯಿತು. 1979ರಲ್ಲಿ ಇಟಲಿಯಲ್ಲಿ ಅದು 'ಬ್ರೋಕನ್ ಮ್ಯೂಸಿಕ್' ಎಂಬ ಹೆಸರಿನ ತಟ್ಟೆಯಾಗಿ ಹೊರಬಂದಿತು. ಶಾಖಕ್ಕೆ ಸೊಟ್ಟಗಾದ ತಟ್ಟೆಯ ಮೇಲೆ ಮುಳ್ಳು ತೆಪ್ಪದಂತೆ ಏರಿಳಿದು ಸ್ವರ ತೊನೆದಾಡುತ್ತದೆ. ಅಡ್ಡಲಾಗಿ ಎಳೆದ ಒಂದೇ ಗೀರು ತಟ್ಟೆಯ ಪ್ರತಿ ಸುತ್ತಿಗೂ ಒಮ್ಮೆ 'ಟಕ್' ಎನ್ನುತ್ತದೆ. ನಿಮಿಷಕ್ಕೆ 33⅓ ಸುತ್ತಿನ ತಟ್ಟೆಯಲ್ಲಿ ಅದು 1.8 ಸೆಕೆಂಡಿಗೊಮ್ಮೆ ಬೀಳುವ ತಾಳ. ಮನೆಯಲ್ಲಿ ಹಳೆಯ ತಟ್ಟೆಯಿದ್ದವರೆಲ್ಲ ಆ ತಾಳವನ್ನು ಬೈದವರೇ. ಅದಕ್ಕೆ ತಲೆದೂಗಿದವನು ಅವನು. ವಿನೈಲ್ ಬರುವ ಮೊದಲಿನ ತಟ್ಟೆಗಳಲ್ಲಿ ಬೆರೆಸುತ್ತಿದ್ದ ಅರಗು ಬಹುಪಾಲು ನಮ್ಮ ದೇಶದ ಮರಗಳ ಮೇಲಿನ ಹುಳುಗಳದೇ ಎಂಬುದನ್ನೂ ಇಲ್ಲಿ ನೆನೆಯಬಹುದು.

ಹೋಲಿಕೆ ಇಲ್ಲಿಗೆ ಸಾಕು. ಕ್ನೀಜಾಕನು ಸುಟ್ಟುದು ತಟ್ಟೆಯನ್ನು. ಚಂದ್ರಗುತ್ತಿಯ ದನಿಯ ಹಿಂದೆ ಬೆಂದುದು ಮನುಷ್ಯರ ಬಾಳು. ಚೌಡಿಕೆಯನ್ನು ಕಾಪಾಡಿಕೊಂಡು ಬಂದವರು ಜೋಗತಿಯರು ಮತ್ತು ಜೋಗಪ್ಪಗಳು. ಅವರಲ್ಲಿ ಅನೇಕರು ಅರಿಯದ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವರು, ಬಡತನಕ್ಕೂ ಪರರ ಬಯಕೆಗೂ ಬಲಿಯಾದವರು. ವರದೆಯಲ್ಲಿ ಮಿಂದು, ಬೇವಿನ ಸೊಪ್ಪು ಹಿಡಿದು, ಮೈಮೇಲೆ ಬಟ್ಟೆಯಿಲ್ಲದೆ ಗುಡಿಗೆ ಬರುವ ಬೆತ್ತಲೆ ಸೇವೆಯೂ ಇಲ್ಲಿ ನಡೆದಿತ್ತು. 1986ರ ಮಾರ್ಚಿಯಲ್ಲಿ ಅದನ್ನು ತಡೆಯಬಂದವರಿಗೂ ಭಕ್ತರಿಗೂ ಘರ್ಷಣೆಯಾಗಿ, ಕಾವಲಿಗೆ ನಿಂತ ಪೊಲೀಸರೂ ಪೆಟ್ಟು ತಿಂದರು. ಆ ಬಳಿಕ ಸರ್ಕಾರ ಸೇವೆಯನ್ನು ನಿಷೇಧಿಸಿತು. ದೇವದಾಸಿಯಾಗಿ ಅರ್ಪಿಸುವುದನ್ನು ತಡೆಯುವ ಕಾನೂನು ಅದಕ್ಕೂ ಮೊದಲೇ, 1982ರಲ್ಲಿ ರೂಪುಗೊಂಡಿತ್ತು.

ಹೋದುದಕ್ಕೆ ಮರುಗುವವರು ಬೇಡ. ಆದರೆ ಮುತ್ತು ಕಟ್ಟುವುದು ನಿಂತಲ್ಲಿ ಚೌಡಿಕೆ ಕಲಿಯುವುದೂ ನಿಲ್ಲಬೇಕೆ? ಹರಕೆಯ ಹೊರೆಯಿಲ್ಲದೆ, ಕೇವಲ ಹಾಡಿನ ಆಸೆಯಿಂದ ಹುಡುಗಿಯೊಬ್ಬಳು ಇದನ್ನು ಕಂಕುಳಿಗೇರಿಸುವಳೆ? ತಾಯಿ ಪಟ್ಟ ಪಾಡನ್ನು ಬಲ್ಲ ಮಗಳು ಆ ವಾದ್ಯವನ್ನು ಮುಟ್ಟಲೊಲ್ಲದಿದ್ದರೆ ಅವಳನ್ನು ಯಾರೂ ದೂರಲಾರರು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಜೋಗತಿ ಕಲೆಯನ್ನು ಭಿಕ್ಷೆಯ ಬೀದಿಯಿಂದ ರಂಗಕ್ಕೆ ತಂದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀಯನ್ನು ಪಡೆದುದು ಒಂದು ಉತ್ತರ. ಎಲ್ಲರ ಪಾಲಿಗೂ ಅದೇ ಉತ್ತರವಾದೀತೆಂದು ಹೇಳುವುದು ಕಷ್ಟ.

ಮಲೆನಾಡಿನ ತಂಪಿಗೆ ತೊಗಲು ಬೇಗನೆ ಸಡಿಲುತ್ತದೆ. ಆಗ ಹಾಡುವಾಕೆ ಹಾಡನ್ನು ನಡುವಿನಲ್ಲೇ ಬಿಟ್ಟು, ನಾಲ್ಕು ಸೌದೆಯ ಕಾವಿಗೆ ಚೌಡಿಕೆಯನ್ನು ಬೋರಲು ಹಿಡಿಯುತ್ತಾಳೆ. ಬೆರಳಿನಿಂದ ತಟ್ಟಿ ನೋಡುತ್ತಾಳೆ. ಸಾಲದೆಂದು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತಾಳೆ. ಶ್ರುತಿ ಹಿಡಿದವಳು ತನ್ನ ಒಂದೇ ಸ್ವರವನ್ನು ಬಿಡದೆ ಮೀಟುತ್ತ ಕಾಯುತ್ತಿರುತ್ತಾಳೆ.