ಎದೆಯ ಮೇಲೆ ಕೂತವರಾರು?

ಮಾರ್ಚ್ ಹತ್ತಿರ ಬಂತೆಂದರೆ ನಮ್ಮ ಹಿರೇನಲ್ಲೂರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ದೀಪಗಳು ಹತ್ತುತ್ತವೆ. ತೋಟದ ಮೋಟಾರು ಹಾಕಲು ಅಪ್ಪಂದಿರು ಎದ್ದಿದ್ದರೆ, ಎಸ್ಸೆಸ್ಸೆಲ್ಸಿ ಮಕ್ಕಳನ್ನು ಎಬ್ಬಿಸಲು ಅಮ್ಮಂದಿರು. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂಬುದು ನಮ್ಮ ಕಡೆ ವೇದವಾಕ್ಯ. ಊರಿಗೆ ಊರೇ ಒಂಬತ್ತಕ್ಕೆ ಮಲಗುತ್ತಿದ್ದ ಕಾಲಕ್ಕೆ ಅದು ಸರಿ. ಈಗ ಹನ್ನೊಂದೂವರೆಗೆ ಪುಸ್ತಕ (ಅಥವಾ ಮೊಬೈಲು, ಯಾರು ಕಂಡರು!) ಮುಚ್ಚುವ ಹುಡುಗರನ್ನೂ ನಾಲ್ಕಕ್ಕೇ ಎಬ್ಬಿಸುತ್ತೇವೆ.

ನೆಂಟರ ಹುಡುಗನೊಬ್ಬ ಹೀಗೇ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದ. ಒಂದು ಬೆಳಗಿನ ಜಾವ ಕಣ್ಣು ಬಿಟ್ಟರೆ ಕೈಕಾಲು ಆಡದು, ಕೂಗಿದರೆ ಸ್ವರ ಹೊರಡದು. ಎದೆಯ ಮೇಲೆ ಕರಿಯ ಆಕೃತಿಯೊಂದು ಕೂತಂತೆ! ಅದೇ ವಾರ ಮೂರು ಸಲ ಹೀಗಾಯಿತು. ಅಜ್ಜಿ 'ದೆವ್ವ ಅಮುಕಿದೆ' ಎಂದರು. ತಾಯಿತ ಬಂತು, ದಿಂಬಿನಡಿಗೆ ಕುಡುಗೋಲು ಬಂತು. ಹುಡುಗನಿಗೆ ಮಲಗುವುದೆಂದರೇ ಹೆದರಿಕೆ. ಕಡೆಗೆ ಈ ವರ್ಷ ಪರೀಕ್ಷೆಯೇ ಬೇಡ ಎನ್ನುವಲ್ಲಿಗೆ ಮನೆಯವರ ಮಾತು ಹೋಗಿತ್ತು.

ಈ ದೆವ್ವಕ್ಕೆ ವೈದ್ಯರು ಇಟ್ಟ ಹೆಸರು ಸ್ಲೀಪ್ ಪೆರಾಲಿಸಿಸ್. ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೀಟ್‌ಮನ್ 1953ರಲ್ಲಿ, ಮಲಗಿದವರ ಕಣ್ಣುಗುಡ್ಡೆಗಳು ಆಗಾಗ ರೆಪ್ಪೆಯಡಿ ಚುರುಕಾಗಿ ಓಡಾಡುವುದನ್ನು ವರದಿ ಮಾಡಿದರು. ರೆಮ್ ನಿದ್ದೆ ಎಂದರೆ ಇದೇ. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಕನಸಿನಲ್ಲಿ ಓಡಿದವರು ನಿಜಕ್ಕೂ ಎದ್ದು ಓಡಬಾರದಲ್ಲ, ಅದಕ್ಕೆ ಮಿದುಳಿನ ಕಾಂಡವು ಬೆನ್ನುಹುರಿಗೆ ಸಂದೇಶ ಕಳಿಸಿ ಕೈಕಾಲಿನ ಸ್ನಾಯುಗಳನ್ನು ಸಡಿಲಿಸಿಬಿಡುತ್ತದೆ. ಕಣ್ಣಿಗೂ ಉಸಿರಾಟದ ವಪೆಗೂ ಮಾತ್ರ ವಿನಾಯಿತಿ. ಒಮ್ಮೊಮ್ಮೆ ಎಚ್ಚರ ಮೊದಲು ಬಂದು, ಈ ಬೀಗ ತೆರೆಯುವುದು ತಡವಾಗುತ್ತದೆ. ಕಣ್ಣು ಕೋಣೆಯನ್ನು ನೋಡುತ್ತಿದ್ದರೂ ಕನಸು ಇನ್ನೂ ಮುಗಿದಿರುವುದಿಲ್ಲ. ಕರಿಯ ಆಕೃತಿ ಹುಟ್ಟುವುದು ಅಲ್ಲಿ. ಕೆಲವು ಕ್ಷಣ, ಹೆಚ್ಚೆಂದರೆ ಕೆಲವು ನಿಮಿಷ. ಪ್ರಾಣಕ್ಕೆ ಅಪಾಯವಿಲ್ಲ. ನಿದ್ದೆಗೆಟ್ಟವರಿಗೆ, ಹೊತ್ತುಗೊತ್ತಿಲ್ಲದೆ ಮಲಗುವವರಿಗೆ, ಅಂಗಾತ ಮಲಗಿದಾಗ ಇದು ಹೆಚ್ಚು.

ನಾಲ್ಕು ಗಂಟೆಯ ಅಲಾರಾಂ ಮೇಲೆ ನನಗೆ ಸಿಟ್ಟು ಇದಕ್ಕೇ. ಗಾಢನಿದ್ದೆ ಇರುಳಿನ ಮೊದಲ ಪಾಲಿನಲ್ಲಿ ಹೆಚ್ಚು, ರೆಮ್ ನಿದ್ದೆ ಕೊನೆಯ ಪಾಲಿನಲ್ಲಿ. ತಡವಾಗಿ ಮಲಗಿದವರನ್ನು ನಾಲ್ಕಕ್ಕೆ ಎಬ್ಬಿಸಿದರೆ ಕತ್ತರಿ ಬೀಳುವುದು ಹೆಚ್ಚಾಗಿ ಕನಸಿನ ಪಾಲಿಗೆ. ಮೇಲಾಗಿ ಹಗಲು ಓದಿದ್ದನ್ನು ಹಿಪ್ಪೊಕ್ಯಾಂಪಸ್ಸಿನಿಂದ ಮಿದುಳಿನ ಹೊರಪದರದಲ್ಲಿ ನೆಲೆಗೊಳಿಸುವ ಕೆಲಸ ನಡೆಯುವುದೂ ನಿದ್ದೆಯಲ್ಲೇ. ಹದಿಹರೆಯದಲ್ಲಿ ನಿದ್ದೆ ಸೂಚಿಸುವ ಮೆಲಟೋನಿನ್ ಸ್ರವಿಸುವುದೇ ತಡ, ಆದ್ದರಿಂದ ಹುಡುಗರು ತಡವಾಗಿ ಮಲಗುವುದೆಲ್ಲ ಬರೀ ಸೋಮಾರಿತನವಲ್ಲ. ಆ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲಿ ಹೇಳಿದೆ.

ಆ ಹುಡುಗನನ್ನು ಹತ್ತಕ್ಕೆ ಮಲಗಿಸಿ ಆರಕ್ಕೆ ಎಬ್ಬಿಸತೊಡಗಿದರು. ಆಮೇಲೂ ಒಂದೆರಡು ಸಲ ಹಾಗಾಯಿತಂತೆ. ಇದು ಇಂಥದು ಎಂದು ಗೊತ್ತಿದ್ದುದರಿಂದ ಉಸಿರು ಎಣಿಸುತ್ತ ಸುಮ್ಮನಿದ್ದನಂತೆ. ಕುಡುಗೋಲನ್ನು ಅಜ್ಜಿ ತೆಗೆಯಗೊಡಲಿಲ್ಲ, ಯಾರೂ ಜಗಳವಾಡಲಿಲ್ಲ. ಪರೀಕ್ಷೆ ಬರೆದ.

ಎಲ್ಲವೂ ಇಷ್ಟು ಸುಲಭದ್ದಲ್ಲ. ಸಾಕಷ್ಟು ಮಲಗಿಯೂ ಹಗಲು ಪಾಠದ ನಡುವೆ ತಡೆಯಲಾಗದ ನಿದ್ದೆ ಬರುವವರು, ನಕ್ಕಾಗ ಮಂಡಿ ಕುಸಿಯುವವರು ನಾರ್ಕೊಲೆಪ್ಸಿಗೆ ಪರೀಕ್ಷೆ ಮಾಡಿಸಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವ ಮಕ್ಕಳಿಗೆ ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡಿರಬಹುದು. ಇಂಥವಕ್ಕೆ ಮೊದಲು ತಾಲ್ಲೂಕು ಆಸ್ಪತ್ರೆ. ಅವರು ಹೇಳಿದರೆ ದೊಡ್ಡ ಆಸ್ಪತ್ರೆಯಲ್ಲಿ ಒಂದು ರಾತ್ರಿ ತಂತಿಗಳನ್ನು ಅಂಟಿಸಿ ಮಲಗಿಸಿ, ಮಿದುಳು, ಉಸಿರು, ಸ್ನಾಯುಗಳ ಲೆಕ್ಕವನ್ನು ಒಟ್ಟಿಗೇ ಬರೆದುಕೊಳ್ಳುತ್ತಾರೆ.