ಬಂಡೆಯ ಮುಖಲಕ್ಷಣ

ನಮ್ಮ ಕೋಲಾರ ಸೀಮೆಯವರಿಗೆ ಕಲ್ಲು ಹೊಸತಲ್ಲ. ಅಂತರಗಂಗೆಯ ಮೆಟ್ಟಿಲೇರುವವರೂ, ಮುಳಬಾಗಿಲ ಸೀಮೆಯ ಆವಣಿ ಬೆಟ್ಟವನ್ನು ಹತ್ತುವವರೂ, ಹೆಬ್ಬಂಡೆಗಳನ್ನು ಕಂಡು, "ಅಜ್ಜಂದಿರ ಕಾಲದಿಂದಲೂ ಹೀಗೆಯೇ ನಿಂತಿವೆ" ಎಂದು ನಿಶ್ಚಿಂತರಾಗಿ ಸಾಗುವರು. ಆದರೆ ನಿನ್ನೆ ನಿಂತುದು ನಾಳೆಯೂ ನಿಲ್ಲುವುದೆಂಬುದಕ್ಕೆ ಸಾಕಾದ ಹೇತುವಲ್ಲ. 2021ರ ಆಗಸ್ಟಿನಲ್ಲಿ ನೆರೆಯ ನಂದಿಬೆಟ್ಟದಲ್ಲಿ ಮಳೆಗೆ ನೆಲ ಕುಸಿದು ರಸ್ತೆಯೇ ಕಡಿದುಹೋದುದನ್ನು ವಾಚಕರು ಮರೆತಿರಲಾರರು.

ಕಲ್ಲು ಎಷ್ಟೇ ಗಟ್ಟಿಯಾಗಿರಲಿ, ಅದು ಬಹುಮಟ್ಟಿಗೆ ಜಾರುವುದು ತನ್ನ ಸೀಳುಗಳ ಮೇಲೆ. ಸೀಳು ಯಾವ ದಿಕ್ಕಿಗೆ ಹಾಯ್ದಿದೆ, ಎಷ್ಟು ಇಳಿಜಾರಾಗಿದೆ, ಒಂದರಿಂದೊಂದು ಎಷ್ಟು ದೂರ ಎಂಬುದನ್ನು ಅಳೆಯಲು ಹಿಂದೆ ದಿಕ್ಸೂಚಿ ಹಿಡಿದವನು ಬಂಡೆಯ ಬುಡದಲ್ಲಿಯೇ ನಿಲ್ಲಬೇಕಾಗಿತ್ತು. ಅಪಾಯವನ್ನು ಅಳೆಯುವವನೇ ಅದಕ್ಕೆ ಮೊದಲು ತಲೆಯೊಡ್ಡುತ್ತಿದ್ದನು. ಈಗಲಾದರೋ ದೂರದಿಂದ, ಇಲ್ಲವೆ ಡ್ರೋನಿನಿಂದ, ಒಂದರ ನೋಟ ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚಾಗಿ ಬರುವಂತೆ ಹಲವು ಡಿಜಿಟಲ್ ಛಾಯಾಚಿತ್ರಗಳನ್ನು ತೆಗೆಯುವರು. ನಮ್ಮ ಎರಡು ಕಣ್ಣುಗಳ ನೋಟ ಕೂಡಿ ದೂರವನ್ನು ತಿಳಿಸುವಂತೆ, ಗಣಕಯಂತ್ರವು ಆ ಚಿತ್ರಗಳನ್ನು ಹೊಂದಿಸಿ ಬಂಡೆಯ ಘನಾಕೃತಿಯನ್ನು ಕಟ್ಟುತ್ತದೆ. ಮೊದಲೇ ಅಳೆದು ಗುರುತಿಟ್ಟ ಬಿಂದುಗಳಿಂದ ಅದಕ್ಕೆ ಪ್ರಮಾಣವೂ ದಿಕ್ಕೂ ದೊರೆಯುವುವು.

ಪಾಠಶಾಲೆಯಲ್ಲಿ ತರ್ಕವನ್ನೋದಿದ ನನಗೆ ಇಲ್ಲಿ ಪ್ರತ್ಯಕ್ಷ, ಅನುಮಾನಗಳ ಹಳೆಯ ವಿಚಾರವೇ ಕಾಣುತ್ತದೆ. ಚಿತ್ರಕ್ಕೆ ಪ್ರತ್ಯಕ್ಷವಾದುದು ಬಂಡೆಯ ಮೈ ಮಾತ್ರ. ಒಳಗಿನ ಸೀಳು ಅನುಮೇಯ. ನೆರಳು ಬಿರುಕಿನಂತೆ ತೋರಬಹುದು. ಪೊದೆಯು ನಿಜವಾದ ಬಿರುಕನ್ನೇ ಮರೆಸಬಹುದು. ಸೀಳಿನಲ್ಲಿ ಜೇಡಿ ತುಂಬಿದೆಯೇ ಎಂಬುದನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ಟೇಕಲ್ಲಿನ ಕಡೆಯ ಕಲ್ಲುಕುಟಿಗನು ಸುತ್ತಿಗೆಯಿಂದ ತಟ್ಟಿ, ನಾದವನ್ನು ಕೇಳಿ, "ಇದು ಪೊಳ್ಳು, ಸ್ವಾಮಿ" ಎನ್ನುವನು. ಆ ಶ್ರವಣವು ಯಾವ ಛಾಯಾಚಿತ್ರದಲ್ಲಿಯೂ ಇಲ್ಲ.

ಈ ವಿದ್ಯೆಗೆ ನಮ್ಮ ಜಿಲ್ಲೆ ಹೊರಗಲ್ಲ. 3 ಕಿಲೋಮೀಟರಿಗೂ ಮಿಕ್ಕಿ ಇಳಿದಿದ್ದ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದು ಎಷ್ಟೋ ಜೀವಗಳು ಹೋದುವು. ಆ ನೆಲದಲ್ಲಿಯೇ 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಸ್ಥಾಪಿತವಾಯಿತು. ಗಣಿಯು 2001ರಲ್ಲಿ ಮುಚ್ಚಿತು, ವಿದ್ಯೆ ಮುಚ್ಚಲಿಲ್ಲ.

ಮಾಲೂರಿನ ಕಡೆ ನನ್ನ ಶಿಷ್ಯರಲ್ಲಿ ಕಲ್ಲುಗಣಿಯ ಕೂಲಿಗಳ ಮಕ್ಕಳು ಅನೇಕರಿದ್ದರು. ಸಿಡಿಮದ್ದಿನ ಸದ್ದು ಕೇಳಿದೊಡನೆ ಅವರ ಮುಖಗಳು ಕಿಟಕಿಯ ಕಡೆಗೆ ತಿರುಗುತ್ತಿದ್ದುವು. ಗಣಿಯ ಒಡೆಯರು ಮಳೆಗಾಲಕ್ಕೆ ಮುಂಚೆ ಒಮ್ಮೆ, ಕಳೆದ ಮೇಲೆ ಒಮ್ಮೆ ಬಂಡೆಯ ಚಿತ್ರ ತೆಗೆಸಿ ಹೋಲಿಸಲಿ. ಕುಟಿಗನ ಕಿವಿಯನ್ನೂ ಜೊತೆಗಿಟ್ಟುಕೊಳ್ಳಲಿ. ಬಂಡೆಯ ಕೆಳಗೆ ದುಡಿಯುವವನು ಸಂಜೆಗೆ ಮನೆ ಸೇರುವುದೇ ಈ ಎಲ್ಲ ಪ್ರಮಾಣಗಳ ಪ್ರಯೋಜನ.